ಡ್ಯಾಶ್‌ಬೋರ್ಡಿನಲ್ಲಿ ಒಂದು ತೂತು

(ಹಳೆಯ ಪರ್ಫಾರ್ಮೆನ್ಸ್ ಕಾರುಗಳ ಹುಚ್ಚಿರುವವರ ಒಂದು ಕೂಟದಲ್ಲಿ ಆಡಿದ ಮಾತುಗಳಿವು. ಬರಹಕ್ಕಿಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ತಪ್ಪೊಪ್ಪಿಗೆ. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ನಾನು ಒಂದು ಕಾರಿನ ಡ್ಯಾಶ್‌ಬೋರ್ಡಿಗೆ ತೂತು ಕೊರೆದೆ. 52 ಮಿಲಿಮೀಟರ್ ಅಗಲದ ತೂತು. ಬೂಸ್ಟ್ ಗೇಜ್, ಅಂದರೆ ಟರ್ಬೊ ಎಂಜಿನ್ನಿಗೆ ತುರುಕುವ ಗಾಳಿಯ ಒತ್ತಡ ತೋರಿಸುವ ಮೀಟರ್, ಕೂರಿಸೋದಕ್ಕೆ. ಆ ಮಾಡೆಲ್ ಒಟ್ಟು ತಯಾರಾಗಿದ್ದೇ ಕೆಲವು ನೂರು. ಆದರೆ ಆಗ ಅದು ಯಾರಿಗೂ ಬೇಡದ ಹಳೇ ಟರ್ಬೊ ಕಾರು, ಅಷ್ಟೆ. ಹೋಲ್ ಸಾ, ಅಂದರೆ ತೂತು ಕೊರೆಯುವ ದುಂಡು ಗರಗಸ, ಗರಗರ ತಿರುಗಿ ನಿಂತಾಗ ಒಳಗಿಂದ ಒಂದು ಬಿಲ್ಲೆ ಉದುರಿತು. ಕೇರಂ ಸ್ಟ್ರೈಕರಿಗಿಂತ ಸ್ವಲ್ಪ ದೊಡ್ಡದು. ಮೇಲೆ ಕಪ್ಪು ವಿನೈಲ್, ನಡುವೆ ಹಳದಿ ಫೋಮ್, ಕೆಳಗೆ ಗಟ್ಟಿ ಪ್ಲಾಸ್ಟಿಕ್. ಅದನ್ನು ಎತ್ತಿ ಕಸದ ಬುಟ್ಟಿಗೆ ಎಸೆದೆ.

ಹದಿನೆಂಟು ವರ್ಷ ಆದಮೇಲೆ ಅದೇ ಕಾರು ಮೂರನೇ ಮಾಲೀಕರ ಜೊತೆ ನನ್ನ ಮುಂದೆ ಬಂದು ನಿಂತಿತು. ಗೇಜ್ ಇರಲಿಲ್ಲ. ತೂತು ಇತ್ತು. ಮೇಲೊಂದು ರಬ್ಬರ್ ಮುಚ್ಚಳ ಸಿಕ್ಕಿಸಿದ್ದರು. "ಯಾರೋ ತಲೆಕೆಟ್ಟವನು ಮಾಡಿದ ಕೆಲಸ ಸರ್, ಏನಾದ್ರೂ ಮಾಡಕ್ಕಾಗುತ್ತಾ ನೋಡಿ" ಅಂದರು. ತಲೆಕೆಟ್ಟವನು ಅವರ ಎದುರಿಗೇ ನಿಂತಿದ್ದ. ಹೇಳಿಬಿಟ್ಟೆ. ಅವರು ನಕ್ಕರು, ಆದರೆ ಸ್ವಲ್ಪ ಹೊತ್ತು ಬಿಟ್ಟು ನಕ್ಕರು.

ಅಪರೂಪದ ಕಾರನ್ನು ಮಾರ್ಪಡಿಸಬೇಕಾ, ಇದ್ದ ಹಾಗೇ ಇಡಬೇಕಾ ಅಂತ ಕೇಳಿದಾಗಲೆಲ್ಲ ನನಗೆ ಆ ತೂತು ನೆನಪಾಗುತ್ತೆ. ಈ ಕೋಣೆಯಲ್ಲೂ ಎರಡು ಗುಂಪು ಇದೆ ಅಂತ ಗೊತ್ತು. ಒಂದು ಗುಂಪಿಗೆ ಫ್ಯಾಕ್ಟರಿಯಿಂದ ಬಂದ ಒಂದು ಕ್ಲಿಪ್ ಬದಲಾದರೂ ಜೀವ ಹೋದಹಾಗೆ. ಇನ್ನೊಂದು ಗುಂಪು "ಕಾರು ಇರೋದು ಓಡಿಸೋಕೆ, ನನ್ನ ಕಾರು, ನನ್ನಿಷ್ಟ" ಅನ್ನುತ್ತೆ. ಇಬ್ಬರ ಮಾತಿನಲ್ಲೂ ಅರ್ಥವಿದೆ. ಆದರೆ ಕಾರಿನ ಕೆಳಗೆ ಮಲಗಿ ಕೆಲಸ ಮಾಡುವವನಿಗೆ ಕಾಣುವ ಪ್ರಶ್ನೆ ಬೇರೆ. ನಾಳೆ ಇದನ್ನು ಮೊದಲಿನ ಹಾಗೆ ಮಾಡಿ ಅಂದರೆ ಆಗುತ್ತಾ? ಬೂಸ್ಟ್ ಗೇಜ್ ಹಾಕಿದ್ದು ತಪ್ಪಲ್ಲ. ಬ್ರಾಕೆಟ್ ಮಾಡಿ ಸ್ಟೀರಿಂಗ್ ಕಾಲಮ್ಮಿಗೆ ಕ್ಲ್ಯಾಂಪ್ ಹಾಕಬಹುದಿತ್ತು. ಅರ್ಧ ಗಂಟೆ ಉಳಿಸೋಕೆ ಹೋಗಿ ತೂತು ಕೊರೆದೆನಲ್ಲ, ಅದು ತಪ್ಪು.

ಇನ್ನು ಈ "ಒರಿಜಿನಲ್" ಅನ್ನೋ ಮಾತು. ನಾವು ತಿಳಿದುಕೊಂಡಷ್ಟು ಸರಳವಾದದ್ದಲ್ಲ ಅದು.

1987ರ ಫೋರ್ಡ್ ಸಿಯೆರಾ ಆರ್‌ಎಸ್500 ಕಾಸ್ವರ್ತ್ ತಗೊಳ್ಳಿ. ರೇಸಿಗೆ ಅರ್ಹತೆ ಸಿಗಬೇಕಾದರೆ ಇಷ್ಟು ಕಾರು ಮಾಡಲೇಬೇಕು ಅಂತ ನಿಯಮವಿತ್ತು. ಅದಕ್ಕಾಗಿ ಮಾಡಿದ 500 ಕಾರುಗಳು ಇವು. ಈಗಾಗಲೇ ತಯಾರಾಗಿದ್ದ ಸಿಯೆರಾ ಕಾಸ್ವರ್ತ್‌ಗಳನ್ನೇ ಟಿಕ್‌ಫರ್ಡ್ ಕಂಪನಿಯವರು ಬದಲಾಯಿಸಿ ಕೊಟ್ಟರು. ದೊಡ್ಡ ಟರ್ಬೊ, ಅದರ ಗಾಳಿ ತಣಿಸುವ ದೊಡ್ಡ ಇಂಟರ್‌ಕೂಲರ್, ಎಂಜಿನ್ನಿಗೆ ಗಟ್ಟಿ ಬ್ಲಾಕ್. ಅಂದರೆ ಇವತ್ತು ನಾವು "ಮುಟ್ಟಬೇಡಿ" ಅನ್ನುವ ಒರಿಜಿನಲ್ ಆರ್‌ಎಸ್500 ಹುಟ್ಟಿನಿಂದಲೇ ಒಂದು ಮಾರ್ಪಡಿಸಿದ ಕಾರು! ಅದರ ಬಾನೆಟ್ ಎತ್ತಿ ನೋಡಿದರೆ ಇನ್ನೊಂದು ತಮಾಷೆ ಇದೆ. ನಾಲ್ಕು ಸಿಲಿಂಡರಿನ ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಎಂಟು ಇಂಜೆಕ್ಟರ್. ಎರಡನೇ ಸಾಲಿನ ನಾಲ್ಕಕ್ಕೆ ರಸ್ತೆ ಕಾರಿನಲ್ಲಿ ಕೆಲಸವೇ ಇಲ್ಲ, ಸುಮ್ನೆ ಕೂತಿರುತ್ತವೆ. ರಸ್ತೆಯಲ್ಲಿ 224 ಅಶ್ವಶಕ್ತಿ. ಅದೇ ಎಂಜಿನ್ ರೇಸಿನಲ್ಲಿ 500 ದಾಟುತ್ತಿತ್ತು. ಮುಂದೆ ಯಾರೋ ಬಂದು ನನ್ನ ಶಕ್ತಿ ಜಾಸ್ತಿ ಮಾಡುತ್ತಾರೆ ಅಂತ ಕಾರೇ ಕಾದು ಕೂತ ಹಾಗೆ. ಅದನ್ನು ಟ್ಯೂನ್ ಮಾಡಿದವನನ್ನು ಬೈಯೋಕೆ ನನಗಂತೂ ಬಾಯಿ ಬರಲ್ಲ.

ಕೌಂಟಾಕ್ ಕಥೆ ಇನ್ನೂ ಚೆನ್ನ. ಲಾಂಬೊರ್ಗಿನಿ ಕೌಂಟಾಕ್ ಅಂದರೆ ನಿಮ್ಮ ಕಣ್ಣಿಗೆ ಏನು ಬರುತ್ತೆ? ಉಬ್ಬಿದ ಮಡ್‌ಗಾರ್ಡ್, ಅಗಲವಾದ ಹಿಂದಿನ ಟೈರ್, ಹಿಂದೊಂದು ರೆಕ್ಕೆ, ಅಲ್ವಾ? ಮೊದಲ ಎಲ್‌ಪಿ400ನಲ್ಲಿ ಇದ್ಯಾವುದೂ ಇರಲಿಲ್ಲ. ಸಪೂರ ಟೈರಿನ, ನುಣುಪಾದ ಕಾರು ಅದು. ವಾಲ್ಟರ್ ವೂಲ್ಫ್ ಅಂತ ಒಬ್ಬ ಗ್ರಾಹಕ, ಆಮೇಲೆ ಫಾರ್ಮುಲಾ ಒನ್ ತಂಡ ಕಟ್ಟಿದವರು, ತಮ್ಮ ಕಾರಿಗೆ ಇದು ಸಾಲದು ಅಂದರು. 1975ರಲ್ಲಿ ಹೆಸರಾಂತ ಕಾರು ಎಂಜಿನಿಯರ್ ಜಾನ್‌ಪಾವ್ಲೊ ಡಲಾರಾ ಕೈಯಲ್ಲಿ ಅಗಲದ ಪಿರೆಲ್ಲಿ ಟೈರ್, ಅದಕ್ಕೆ ಬೇಕಾದ ಮಡ್‌ಗಾರ್ಡ್, ರೆಕ್ಕೆ ಎಲ್ಲ ಹಾಕಿಸಿಕೊಂಡರು. ಅದನ್ನು ನೋಡಿ ಕಂಪನಿಯೇ 1978ರಲ್ಲಿ ಎಲ್‌ಪಿ400 ಎಸ್ ತಂದಿತು. ಒಬ್ಬ ಮಾಲೀಕನ ಹಠ, ಮೂರು ವರ್ಷದಲ್ಲಿ ಫ್ಯಾಕ್ಟರಿ ಒರಿಜಿನಲ್. ಇವತ್ತು ಆ ರೆಕ್ಕೆ ಕಿತ್ತು ನೋಡಿ, ಜನ ಬಿಡ್ತಾರಾ?

ಫೆರಾರಿ 250 ಜಿಟಿಒ 1962ರಿಂದ 64ರ ತನಕ ತಯಾರಾಗಿದ್ದು 36. ಅದರಲ್ಲಿ 3413 ಅನ್ನೋ ಷಾಸಿ ನಂಬರಿನದಕ್ಕೆ 1964ರಲ್ಲಿ ಹೊಸ ರೂಪದ ಬಾಡಿ ಹಾಕಿದರು. ರೇಸ್ ಗೆಲ್ಲಬೇಕಿತ್ತು, ಹಾಕಿದರು, ಅಷ್ಟೆ. 2018ರಲ್ಲಿ ಆ ಕಾರು ಆ ಬಾಡಿಯಲ್ಲೇ ಹರಾಜಿಗೆ ಬಂದು, ಅಲ್ಲಿಯ ತನಕ ಹರಾಜಿನಲ್ಲಿ ಯಾವ ಕಾರಿಗೂ ಬರದ ಬೆಲೆಗೆ ಹೋಯಿತು. ಹಳೇ ಬಾಡಿ ವಾಪಸ್ ಹಾಕಿ ಅಂತ ಯಾರೂ ಕೇಳಲಿಲ್ಲ. ಜಿಟಿಒ ಸಿಗದೆ ಹೋದ ರೇಸ್ ತಂಡದ ಮಾಲೀಕ ಕೌಂಟ್ ವೋಲ್ಪಿಗೋಸ್ಕರ ಎಂಜಿನಿಯರ್ ಜಾಟೊ ಬಿಡ್ಜರೀನಿ ಫೆರಾರಿಯದೇ ಇನ್ನೊಂದು ಮಾಡೆಲ್ ಆದ 250 ಜಿಟಿ ಎಸ್‌ಡಬ್ಲ್ಯುಬಿ ಒಂದನ್ನು ತಗೊಂಡು ಹಿಂಭಾಗವನ್ನೇ ಬೇರೆ ಮಾಡಿ 1962ರ ಲ ಮಾನ್ಸ್ 24 ಗಂಟೆ ರೇಸಿಗೆ ಇಳಿಸಿದರು. ಬ್ರೆಡ್ ಸಾಗಿಸುವ ವ್ಯಾನಿನ ಹಾಗೆ ಕಂಡಿತು, "ಬ್ರೆಡ್‌ವ್ಯಾನ್" ಅಂತಲೇ ಹೆಸರಾಯಿತು. ಅದನ್ನು ಮತ್ತೆ ಮಾಮೂಲಿ ಎಸ್‌ಡಬ್ಲ್ಯುಬಿ ಮಾಡುತ್ತೇನೆ ಅನ್ನುವವನನ್ನು ನಾನೇ ಹೋಗಿ ತಡೆಯುತ್ತೇನೆ.

ಕೋರ್ಟಿನ ತನಕ ಹೋದದ್ದೂ ಇದೆ. ಬೆಂಟ್ಲಿಯ "ಓಲ್ಡ್ ನಂಬರ್ ಒನ್" ಅನ್ನೋ ಸ್ಪೀಡ್ ಸಿಕ್ಸ್ ಕಾರು 1929 ಮತ್ತು 1930ರಲ್ಲಿ ಸತತ ಎರಡು ಸಲ ಲ ಮಾನ್ಸ್ ಗೆದ್ದಿತ್ತು. ಆಮೇಲೆ ಅದಕ್ಕೆ ಎಂಟು ಲೀಟರಿನ ಎಂಜಿನ್ ಬಂತು. 1932ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ಅಪಘಾತವಾಗಿ ಚಾಲಕ ತೀರಿಕೊಂಡರು. ಮುಂದೆ ಬೇರೆ ಬಾಡಿ ಕಟ್ಟಿದರು. ಹೀಗೆ ಬದಲಾಗುತ್ತ ಬಂದು, ಮಾರಾಟಕ್ಕೆ ಬಂದಾಗ ಕೊಳ್ಳುವವರು ಇದು ಆ ಕಾರೇ ಅಲ್ಲ ಅಂದರು. 1990ರಲ್ಲಿ ಲಂಡನ್ನಿನ ಹೈಕೋರ್ಟ್ ಕೂತು ವಿಚಾರಿಸಿತು. ಲ ಮಾನ್ಸ್ ಗೆದ್ದಾಗಿನ ಸಾಮಾನು ಅದರಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಆದರೂ ಬದಲಾವಣೆಗಳು ಒಂದಾದ ಮೇಲೊಂದು ಬಂದು ಕಾರಿನೊಳಗೆ ಸೇರಿಹೋದವು, ನಡುವೆ ಎಲ್ಲೂ ಎಳೆ ಕಡಿಯಲಿಲ್ಲ, ಹಾಗಾಗಿ ಇದು ಅದೇ ಕಾರು ಅಂತ ತೀರ್ಪು ಬಂತು. ನನಗೆ ಈ ತೀರ್ಪು ಬಹಳ ಇಷ್ಟ. ಯಾವ ಬೋಲ್ಟ್ ಹಳೇದು ಅನ್ನೋದಕ್ಕಿಂತ ಯಾವಾಗ ಯಾರು ಏನು ಬದಲಾಯಿಸಿದರು ಅಂತ ಹೇಳೋಕೆ ಬಂತಲ್ಲ, ಅಲ್ಲಿ ಕಾರು ಉಳಿಯಿತು.

ಹಾಗಂತ ನಾಳೆಯೇ ನಿಮ್ಮ ಕಾರಿಗೆ ಗ್ರೈಂಡರ್ ಹಿಡಿಯಬೇಡಿ. ವೂಲ್ಫ್ ಕೈಯಲ್ಲಿ ಡಲಾರಾ ಇದ್ದರು. ವೋಲ್ಪಿ ಕೈಯಲ್ಲಿ ಬಿಡ್ಜರೀನಿ ಇದ್ದರು. ನಿಮ್ಮ ಕೈಯಲ್ಲಿ ನನ್ನಂಥವನು ಇರುತ್ತಾನೆ, ಅವನ ಕೈಯಲ್ಲಿ 52 ಮಿಲಿಮೀಟರಿನ ಹೋಲ್ ಸಾ.

ಈಗ ಒರಿಜಿನಲ್ ಗುಂಪಿನವರಿಗೆ ಸ್ವಲ್ಪ ಕಹಿ ಮಾತು. ಒರಿಜಿನಲ್ ಅಂತ ಉಳಿಸಿಕೊಂಡ ಕೆಲವು ಸಾಮಾನು ನಿಮ್ಮ ಪ್ರಾಣ ತೆಗೆಯಬಲ್ಲದು. ಫೆರಾರಿ ಎಫ್40ಯ ಪೆಟ್ರೋಲ್ ಟ್ಯಾಂಕು ಲೋಹದ್ದಲ್ಲ, ರಬ್ಬರಿನ ಚೀಲ. ಹತ್ತು ವರ್ಷದ ಆಸುಪಾಸಿನಲ್ಲಿ ಅದನ್ನು ಬದಲಾಯಿಸಲೇಬೇಕು. ಮೆಕ್ಲಾರೆನ್ ಎಫ್1ನಲ್ಲಿ ಐದು ವರ್ಷಕ್ಕೊಮ್ಮೆ, ಅದೂ ಎಂಜಿನ್ ಇಳಿಸಿ. ಚೀಲ ನಿಂತಲ್ಲೇ ಬಿರುಕು ಬಿಡುತ್ತೆ. ಕಿಲೋಮೀಟರ್ ಓಡಿಲ್ಲ ಅಂದರೆ ರಬ್ಬರಿಗೆ ವಯಸ್ಸಾಗಿಲ್ಲ ಅಂತಲ್ಲ. "ಒರಿಜಿನಲ್ ಟೈರ್ ಇದೆ ಸರ್" ಅಂತ ಹೆಮ್ಮೆಯಿಂದ ತೋರಿಸುವವರನ್ನು ನೋಡಿದ್ದೇನೆ. ಟೈರಿನ ಪಕ್ಕದಲ್ಲಿ ಅಂಕಿಗಳಿರುತ್ತವೆ, ಅದು ತಯಾರಾದ ವಾರ ಮತ್ತು ವರ್ಷ. ಅದನ್ನು ಓದಿ ನಾನು ಟೆಸ್ಟ್ ಡ್ರೈವ್ ಬೇಡ ಅಂತೇನೆ. ಆ ಟೈರನ್ನು ತೆಗೆದು ಜೋಪಾನವಾಗಿ ಇಡಿ, ಪ್ರದರ್ಶನದ ದಿನ ಹಾಕಿ, ಮಾರುವಾಗ ಜೊತೆಗೆ ಕೊಡಿ. ಓಡಿಸೋಕೆ ಹೊಸ ಟೈರ್ ಇರಲಿ. ಪೋರ್ಷೆ ಕರೇರಾ ಜಿಟಿ ಭಯಹುಟ್ಟಿಸುವ ಕಾರು ಅಂತ ಹೆಸರಾಗಿತ್ತು. ಕಾರಿನ ತಯಾರಿಕೆ ನಿಂತು ವರ್ಷಗಳಾದ ಮೇಲೆ ಮಿಶೆಲಿನ್ ಅದಕ್ಕಂತಲೇ ಹೊಸ ಪೀಳಿಗೆಯ ಟೈರ್ ಮಾಡಿತು. ರಿಮ್ ಅದೇ, ಕಾರು ಅದೇ, ನಡತೆ ಮಾತ್ರ ಬೇರೆ. ಇದಕ್ಕಿಂತ ಒಳ್ಳೆಯ ಮಾರ್ಪಾಡು ನನಗೆ ಗೊತ್ತಿಲ್ಲ. ಬೇಡ ಅಂದರೆ ಟೈರ್ ಬಿಚ್ಚಿದರೆ ಆಯಿತು.

ಫ್ಯಾಕ್ಟರಿ ಮಾಡಿದ್ದೆಲ್ಲ ಸರಿ ಅಂತಲೂ ಇಲ್ಲ. ಫೆರಾರಿ ಎಫ್355 ಇಟ್ಟುಕೊಂಡವರಿಗೆ ಗೊತ್ತು. ಎಂಜಿನ್ನಿನ ಹೊಗೆ ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೀಳುತ್ತೆ, ವಾಲ್ವ್‌ಗಳು ಜಾರಿಯಾಡುವ ಕಂಚಿನ ಕೊಳವೆಗಳು, ಅಂದರೆ ವಾಲ್ವ್ ಗೈಡ್‌ಗಳು, ಸವೆಯುತ್ತವೆ. ಎಂಜಿನ್ ಬಿಚ್ಚಿದಾಗ ಗಟ್ಟಿ ಗೈಡ್ ಹಾಕಿದರೆ ಅದನ್ನು ಅಪಚಾರ ಅನ್ನಬೇಕಾ? ನಾನು ಅನ್ನಲ್ಲ. ಕಣ್ಣಿಗೆ ಕಾಣಲ್ಲ, ಕಾರು ಬದುಕುತ್ತೆ. ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಅಶ್ವಶಕ್ತಿಯ ಆಸೆಗೆ ಬರೋಣ. ಎಲ್ಲರೂ ಜಾರೋದು ಇಲ್ಲೇ. ಜಪಾನಿನ ಕಂಪನಿಗಳು 1989ರಿಂದ 2004ರ ತನಕ ತಮ್ಮತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡಿದ್ದವು. ತಮ್ಮ ದೇಶದಲ್ಲಿ ಮಾರುವ ಯಾವ ಕಾರಿಗೂ 280 ಅಶ್ವಶಕ್ತಿ ದಾಟಿ ಹೇಳುವಂತಿಲ್ಲ. ನಿಸಾನ್ ಸ್ಕೈಲೈನ್ ಜಿಟಿಆರ್ ಆರ್32 ಕೂಡ ಕಾಗದದಲ್ಲಿ 280. ಅದರ ಬೂಸ್ಟ್ ಕಂಟ್ರೋಲಿನ ಹೋಸಿನೊಳಗೆ ಬೆರಳ ತುದಿಯಷ್ಟು ಚಿಕ್ಕ ರೆಸ್ಟ್ರಿಕ್ಟರ್, ಅಂದರೆ ಗಾಳಿಯ ದಾರಿ ಕಿರಿದು ಮಾಡುವ ತುಂಡು, ಇರುತ್ತೆ. ಅದನ್ನು ತೆಗೆದರೆ ಬೂಸ್ಟ್ 0.7 ಬಾರ್‌ನಿಂದ ಹತ್ತಿರಹತ್ತಿರ 1 ಬಾರ್‌ಗೆ ಏರುತ್ತೆ. ಐದು ನಿಮಿಷದ ಕೆಲಸ, ಬೇಕೆಂದಾಗ ವಾಪಸ್ ತುರುಕಬಹುದು. ಇಲ್ಲಿಯ ತನಕ ಚೆನ್ನಾಗಿದೆ. ಆಮೇಲೆ "ಇನ್ನೂ ಸ್ವಲ್ಪ" ಅಂತ ಶುರುವಾಗುತ್ತೆ. ಅದರ ಟರ್ಬೊದ ಎಕ್ಸಾಸ್ಟ್ ಬದಿಯ ಚಕ್ರ ಸೆರಾಮಿಕ್‌ನದು. ಹಗುರ, ಬೇಗ ತಿರುಗುತ್ತೆ, ಆದರೆ ಬೂಸ್ಟ್ ಮಿತಿಮೀರಿದರೆ ಶಾಫ್ಟಿನಿಂದ ಕಳಚಿ ಚೂರಾಗುತ್ತೆ. ಆಗ ಟರ್ಬೊ ಬದಲಾಗಬೇಕು. ಟರ್ಬೊ ದೊಡ್ಡದಾದರೆ ಇಂಜೆಕ್ಟರ್ ಸಾಲದು, ಕ್ಲಚ್ ಜಾರುತ್ತೆ, ಬ್ರೇಕ್ ಸಾಲದು, ಚಕ್ರ ಅಗಲವಾಗಬೇಕು, ಚಕ್ರ ಕೂರೋಕೆ ಮಡ್‌ಗಾರ್ಡ್ ಒಳಗಂಚು ಕತ್ತರಿಸಬೇಕು. ನೋಡಿ, ಒಂದು ರೆಸ್ಟ್ರಿಕ್ಟರಿನಿಂದ ಹೊರಟು ಗ್ರೈಂಡರಿಗೆ ಬಂದು ನಿಂತೆವು. ಯಾರೂ ಕಾರು ಕತ್ತರಿಸಬೇಕು ಅಂತ ಬೆಳಗ್ಗೆ ಎದ್ದು ತೀರ್ಮಾನ ಮಾಡಲ್ಲ.

ಹೀಗೆ ಸಾಲುಸಾಲಾಗಿ ಕಾರುಗಳು ಹೋದದ್ದರಿಂದಲೇ ಇವತ್ತು ಮುಟ್ಟದ ಕಾರು ಅಪರೂಪವಾಗಿದೆ. ಟೊಯೋಟ ಸುಪ್ರಾದ ನಾಲ್ಕನೇ ಪೀಳಿಗೆಯ ಟರ್ಬೊ ಕಾರು ನೋಡಿ. 2ಜೆಝಡ್ ಎಂಜಿನ್‌ನ ಕಬ್ಬಿಣದ ಬ್ಲಾಕ್ ಎಷ್ಟು ತುಳಿದರೂ ತಡೆದುಕೊಳ್ಳುತ್ತೆ ಅಂತ ಎಲ್ಲರೂ ತುಳಿದರು. ಈಗ ಫ್ಯಾಕ್ಟರಿಯ ಏರ್ ಫಿಲ್ಟರ್ ಡಬ್ಬಿ, ಫ್ಯಾಕ್ಟರಿಯ ಸ್ಟೀರಿಂಗ್ ಇರುವ ಸುಪ್ರಾ ಕಂಡರೆ ಜನ ಫೋಟೊ ತೆಗೆದುಕೊಳ್ಳುತ್ತಾರೆ.

ಮಾರ್ಪಡಿಸಲೇಬೇಕು ಅನ್ನುವವರು ಕೆಲಸಕ್ಕೆ ಕೈಹಾಕುವ ಮೊದಲು ಒಂದು ದಿನ ಫೋಟೊ ತೆಗೆಯಿರಿ. ಚೆಂದದ ಫೋಟೊ ಬೇಡ. ಹೋಸ್ ಯಾವ ಕ್ಲಿಪ್ಪಿನ ಕೆಳಗೆ ಹೋಗುತ್ತೆ, ವೈರ್ ಎಲ್ಲಿ ತಿರುಗುತ್ತೆ, ಬೋಲ್ಟಿನ ತಲೆ ಮೇಲೆ ಹಳದಿ ಪೇಂಟಿನ ಗೀಟು ಇದೆಯಾ, ಅಂಥದ್ದು. ಆ ಗೀಟು ಫ್ಯಾಕ್ಟರಿಯಲ್ಲಿ ಯಾರೋ ಒಬ್ಬರು ಬೋಲ್ಟ್ ಬಿಗಿ ಮಾಡಿ, ಆಯಿತು ಅಂತ ಎಳೆದದ್ದು. ಥಿನ್ನರ್ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಹೋಯಿತು. ಬಿಚ್ಚಿದ ಸಾಮಾನನ್ನೆಲ್ಲ ಬಾಕ್ಸಿಗೆ ಹಾಕಿ ಚೀಟಿ ಅಂಟಿಸಿ. ನಟ್ಟು ಬೋಲ್ಟು ಬೇರೆ ಕವರಿನಲ್ಲಿ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದರ ಪ್ರೋಗ್ರಾಂ ಬದಲಾಯಿಸಿ ರೀಮ್ಯಾಪ್ ಮಾಡಿಸುವುದಾದರೆ ಮೊದಲು ಹಳೇ ಫೈಲ್ ತೆಗೆದಿಡಲು ಹೇಳಿ. ಆಗಲ್ಲ ಅಂದರೆ ಇನ್ನೊಂದು ಇಸಿಯು ಹುಡುಕಿ ಅದರಲ್ಲಿ ಆಟ ಆಡಿ. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಚಕ್ರ, ಸೀಟು, ಸೈಲೆನ್ಸರ್, ಇವೆಲ್ಲ ಬೋಲ್ಟಿನಲ್ಲಿ ನಿಂತದ್ದು, ಬದಲಾಯಿಸಿ. ಷಾಸಿ ನಂಬರ್ ಇರುವ ಜಾಗ, ಎಂಜಿನ್ ಬ್ಲಾಕ್, ಬಾಡಿಯ ತಗಡು, ಇವುಗಳ ತಂಟೆಗೆ ಹೋಗಬೇಡಿ.

ಇದು ನನ್ನ ಸ್ವಂತ ಸಿದ್ಧಾಂತ ಏನಲ್ಲ. ಹಳೇ ವಾಹನಗಳ ಜಾಗತಿಕ ಒಕ್ಕೂಟ ಫಿವಾ 2013ರಲ್ಲಿ ಟ್ಯೂರಿನ್ ಚಾರ್ಟರ್ ಅಂತ ಒಂದು ದಾಖಲೆ ತಂದಿತು. ಹಳೇ ಕಟ್ಟಡಗಳಿಗಾಗಿ 1964ರಲ್ಲಿ ಬಂದ ವೆನಿಸ್ ಚಾರ್ಟರಿನ ದಾರಿಯಲ್ಲೇ ಇದೂ ಇದೆ. ಬದಲಾವಣೆ ಬೇಕಾದರೆ ಹಿಂದಕ್ಕೆ ಮರಳಿಸುವ ಹಾಗಿರಲಿ, ತೆಗೆದ ಮುಖ್ಯ ಸಾಮಾನು ಕಾರಿನ ಜೊತೆಗೇ ಇರಲಿ, ಮಾಡಿದ್ದು ದಾಖಲಾಗಲಿ ಅನ್ನುತ್ತೆ.

ಒಂದು ವಿಷಯದಲ್ಲಿ ಒರಿಜಿನಲ್ ಗುಂಪಿನವರು ಮಾಡುವ ಹಾನಿಯನ್ನು ಯಾರೂ ಮಾರ್ಪಾಡು ಅಂತ ಕರೆಯೋದೇ ಇಲ್ಲ. ಪೇಂಟ್. ಎಫ್40ಗೆ ಕಂಪನಿ ತೂಕ ಉಳಿಸೋಕೆ ಎಷ್ಟು ತೆಳ್ಳಗೆ ಕೆಂಪು ಹೊಡೆಯಿತು ಅಂದರೆ ಬಾಡಿ ಮಾಡಿದ ಕಾಂಪೋಸಿಟ್ ನಾರಿನ ಬಟ್ಟೆಯ ನೇಯ್ಗೆ ಬಿಸಿಲಲ್ಲಿ ಕಾಣುತ್ತೆ. ಅದನ್ನು ಕನ್ನಡಿಯ ಹಾಗೆ ಹೊಳೆಯುವಂತೆ ಹೊಸದಾಗಿ ಹೊಡೆಸಿ, ನೇಯ್ಗೆ ಮುಚ್ಚಿಹೋಗಿ, "ಒರಿಜಿನಲ್ ಬಣ್ಣಕ್ಕೆ ತಂದೆವು" ಅನ್ನುತ್ತಾರೆ. ಸೈಲೆನ್ಸರ್ ಬದಲಾಯಿಸಿದವನು ಶನಿವಾರ ಮಧ್ಯಾಹ್ನ ಹಳೇದು ಹಾಕಬಲ್ಲ. ಉಜ್ಜಿ ತೆಗೆದ ಪೇಂಟನ್ನು ಯಾವ ಬಾಕ್ಸಿನಲ್ಲಿ ಇಡುತ್ತೀರಿ?

ಇಷ್ಟು ಸಾಕು. ಪ್ರಶ್ನೆ ಇದ್ದರೆ ಕೇಳಿ.

"ಹಳೇ ಪೋರ್ಷೆ 964ಗಳನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುತ್ತಾರಲ್ಲ, ಸಿಂಗರ್ ಅನ್ನೋ ಕಾರು ಕಂಪನಿಯವರು. ಅದು ಸರಿನಾ?"

ಕೆಲಸ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತೆ. 964 ತಯಾರಾಗಿದ್ದು 60,000ಕ್ಕೂ ಹೆಚ್ಚು. ಮಾಮೂಲಿ ಕರೇರಾ ಒಂದನ್ನು ತಗೊಂಡು ಹಾಗೆ ಮಾಡಿದರೆ ನನಗೆ ನೋವಿಲ್ಲ. ಅದೇ ಪೀಳಿಗೆಯ ಅಪರೂಪದ ಕರೇರಾ ಆರ್‌ಎಸ್ ಅನ್ನು ತಂದು ಹಾಗೆ ಬಿಚ್ಚಿದರೆ ಬೇಜಾರು. ಆಟ ಆಡಬೇಕು ಅಂದರೆ ಅದೇ ಮಾಡೆಲಿನ ಸಾಮಾನ್ಯ ಕಾರು ತಗೊಳ್ಳಿ ಅಂತ ನಾನು ಯಾವಾಗಲೂ ಹೇಳೋದು. ಅಪರೂಪದ ಕಾರು ನಿಮ್ಮ ಕೈಗೆ ಬಂದಿದೆ ಅಂದ ಮಾತ್ರಕ್ಕೆ ಪ್ರಯೋಗ ಅದರ ಮೇಲೇ ಆಗಬೇಕಾ?

"ಕಂಪನಿಯವರೇ ಮಾರ್ಪಾಡು ಮಾಡಿಕೊಟ್ಟರೆ?"

ಆಗ ಲೆಕ್ಕ ಬೇರೆ. ನಿಸಾನಿನ ರೇಸಿಂಗ್ ವಿಭಾಗ ನಿಸ್ಮೊ ಓಡಿದ ಆರ್34 ಜಿಟಿಆರ್‌ಗಳನ್ನೇ ತಗೊಂಡು, ಎಂಜಿನ್ 2.8 ಲೀಟರಿಗೆ ಹಿಗ್ಗಿಸಿ, 500 ಅಶ್ವಶಕ್ತಿಯ ಝಡ್-ಟ್ಯೂನ್ ಮಾಡಿತು. ಸುಮಾರು 20 ಕಾರು. ಸೆಕೆಂಡ್ ಹ್ಯಾಂಡ್ ಕಾರಿನ ಎಂಜಿನ್ ಬಿಚ್ಚಿ, ಬಾಡಿ ಬದಲಾಯಿಸಿ ಮಾಡಿದ್ದು, ಆದರೆ ಆರ್34ಗಳಲ್ಲಿ ಜನ ಎಲ್ಲಕ್ಕಿಂತ ಹೆಚ್ಚು ಆಸೆಪಡೋದು ಅದಕ್ಕೇ. ಮೆಕ್ಲಾರೆನ್ ಕೂಡ ಎರಡು ಎಫ್1 ರಸ್ತೆ ಕಾರುಗಳನ್ನು ಎಲ್‌ಎಂ ಅನ್ನೋ ತನ್ನದೇ ಇನ್ನೂ ಚುರುಕಾದ ಮಾದರಿಯ ಮಟ್ಟಕ್ಕೆ ಏರಿಸಿಕೊಟ್ಟಿದೆ. ಅಲ್ಲೂ ಕಾಗದಪತ್ರ ಜೋಪಾನ. ಕಂಪನಿ ಮಾಡಿದೆ ಅಂತ ಬಾಯಲ್ಲಿ ಹೇಳಿದರೆ ಯಾರೂ ನಂಬಲ್ಲ.

"ಆ ತೂತಿನ ಕಾರು ಕೊನೆಗೆ ಏನಾಯಿತು ಸರ್?"

ಇದನ್ನು ಕೇಳ್ತೀರಿ ಅಂತ ಗೊತ್ತಿತ್ತು. ಇನ್ನೊಂದು ಡ್ಯಾಶ್‌ಬೋರ್ಡ್ ಹುಡುಕಿದೆವು. ಒಂದೂವರೆ ವರ್ಷ. ಸಿಕ್ಕ ಒಂದೇ ಒಂದು ಬಿಸಿಲಿಗೆ ನಡುವೆ ಬಿರುಕು ಬಿಟ್ಟಿತ್ತು. ತೂತಿಗೆ ತುಂಬಿ ವಿನೈಲ್ ಅಂಟಿಸಿ ಬಣ್ಣ ಹೊಡೆಯೋದಾದರೆ ಇಡೀ ಡ್ಯಾಶಿನ ತರಿತರಿಯಾದ ಮೇಲ್ಮೈ ಹೋಗುತ್ತೆ, ಇನ್ನೊಂದು ತಪ್ಪು ಮಾಡಿದ ಹಾಗೆ. ಮಾಲೀಕರೇ ಒಂದು ದಿನ ಫೋನ್ ಮಾಡಿ "ಅವತ್ತು ನೀವು ಹಾಕಿದ ಗೇಜ್ ಯಾವುದು?" ಅಂತ ಕೇಳಿದರು. ನನ್ನ ಹಳೇ ಪುಸ್ತಕದಲ್ಲಿ ಬರೆದಿತ್ತು. ಅದೇ ಕಾಲದ, ಅದೇ ಮಾಡೆಲಿನ ಬಳಸಿದ ಗೇಜ್ ಒಂದನ್ನು ಎಲ್ಲಿಂದಲೋ ತರಿಸಿದರು. ರಬ್ಬರ್ ಮುಚ್ಚಳ ತೆಗೆದು ನಾನೇ ಕೂರಿಸಿದೆ. ಹಳೇ ಬಿಲ್, ನನ್ನ ಪುಸ್ತಕದ ಆ ಪುಟದ ನಕಲು, ಎರಡೂ ಈಗ ಕಾರಿನ ಫೈಲಿನಲ್ಲಿವೆ. ಗೇಜಿನ ಮುಳ್ಳು ಸೊನ್ನೆಗೆ ಪೂರ್ತಿ ಇಳಿಯಲ್ಲ, ಎಂಜಿನ್ ಆಫ್ ಆಗಿದ್ದರೂ ಸ್ವಲ್ಪ ಬೂಸ್ಟ್ ತೋರಿಸುತ್ತೆ. ಅದನ್ನು ಸರಿಮಾಡೋದು ಬೇಡ ಅಂದಿದ್ದಾರೆ.